ಛೇದದಲ್ಲಿರುವ ಊರು: ಕಾನಹೊಸಹಳ್ಳಿ ಸೀಮೆ ಮತ್ತು ಸಾಂಕ್ರಾಮಿಕ ಕಾಲದ ಆರೋಗ್ಯ ಪಾಠ

2020ರ ಮಾರ್ಚ್ 25 ಯುಗಾದಿ. ದೇಶದ ಲಾಕ್‌ಡೌನ್‌ನ ಮೊದಲ ದಿನವೂ ಅದೇ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಒಣಭೂಮಿಯ ಹಳ್ಳಿಗಳಲ್ಲಿ ಈ ಹಬ್ಬ ಜನರ ಓಡಾಟದ ಗಡುವೂ ಹೌದು. ಸುಗ್ಗಿ ಮುಗಿಸಿ ಗುಳೆ ಹೋದವರಲ್ಲಿ ಬಹಳ ಮಂದಿ ಊರಿಗೆ ತಿರುಗುವುದು ಯುಗಾದಿಯ ಹಿಂದೆ ಮುಂದೆ. ತಾಂಡಾಗಳವರು ಕಬ್ಬು ಕಡಿಯುವುದಕ್ಕೆ, ಕಾಫಿ ತೋಟಗಳಿಗೆ ಹೋಗಿರುತ್ತಾರೆ. ಉಳಿದವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಚಿತ್ರದುರ್ಗ–ಹೊಸಪೇಟೆ ಹೆದ್ದಾರಿಯ ಮೇಲಿರುವ ಕಾನಹೊಸಹಳ್ಳಿಯಲ್ಲಿ ಬಸ್ಸಿಳಿದು ಒಳಗಿನ ಹಳ್ಳಿಗಳಿಗೆ ಹಂಚಿಹೋಗುವ ಈ ಜನ ಆ ವರ್ಷ ಕೆಲವರು ಬಂದರು, ಕೆಲವರು ಹೋದಲ್ಲೇ ಸಿಕ್ಕಿಬಿದ್ದರು, ಇನ್ನು ಕೆಲವರು ವಾರಗಟ್ಟಲೆ ತಡವಾಗಿ ಬಂದು ಶಾಲೆಯ ಕೋಣೆಗಳಲ್ಲಿ ಕ್ವಾರಂಟೈನ್ ಕಳೆದರು. 2021ರಲ್ಲೂ ಇದೇ ಬೇರೆ ರೂಪದಲ್ಲಿ ನಡೆಯಿತು. ಆ ವರ್ಷದ ಯುಗಾದಿ ಏಪ್ರಿಲ್ 13ಕ್ಕೆ. ರಾಜ್ಯದ ಕರ್ಫ್ಯೂ ಏಪ್ರಿಲ್ 27ರಿಂದ. ಎರಡರ ನಡುವಿನ ಹದಿನೈದು ದಿನ ಎರಡನೇ ಅಲೆ ಏರುತ್ತಿದ್ದ ದಿನಗಳು.

ಹೀಗಿರುವಾಗ ಒಂದು ಸರಳ ಪ್ರಶ್ನೆ: 2020ರ ಏಪ್ರಿಲ್‌ನಲ್ಲಿ ಈ ಸೀಮೆಯ ಒಂದು ಹಳ್ಳಿಯಲ್ಲಿ ಎಷ್ಟು ಜನರಿದ್ದರು? ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿಗೆ ಇದು ಮೊದಲ ತರಗತಿಯ ಪ್ರಶ್ನೆ. ಸೋಂಕಿನ ಪ್ರಮಾಣವೆಂದರೆ ಒಂದು ಭಿನ್ನರಾಶಿ: ಮೇಲೆ ಅಂಶವಾಗಿ ಸೋಂಕಿತರು, ಕೆಳಗೆ ಛೇದವಾಗಿ ಸೋಂಕಿಗೆ ಒಡ್ಡಿಕೊಂಡಿದ್ದ ಜನ. ಸಾಂಕ್ರಾಮಿಕದ ಎರಡು ವರ್ಷ ನಾವೆಲ್ಲ ಮೇಲಿನ ಸಂಖ್ಯೆಯನ್ನೇ ಸಂಜೆ ಸಂಜೆ ಓದಿದೆವು. ವಿಶ್ವವಿದ್ಯಾಲಯಗಳ ಆನ್‌ಲೈನ್ ತರಗತಿಗಳಲ್ಲೂ ಹೆಚ್ಚಾಗಿ ಚರ್ಚೆಯಾದದ್ದು ಅದರ ಏರಿಳಿತದ ಗೆರೆಯೇ. ಕೆಳಗಿನ ಸಂಖ್ಯೆಯ ಪಾಠಕ್ಕೆ ಬೇಕಾದ ಸಾಮಗ್ರಿ ಈ ಐದು ತಾಲ್ಲೂಕುಗಳಲ್ಲಿ ರಾಶಿ ಬಿದ್ದಿತ್ತು ಮತ್ತು ಈಗಲೂ ಬಿದ್ದಿದೆ ಎಂಬುದನ್ನು ತೋರಿಸುವುದಷ್ಟೇ ಈ ಟಿಪ್ಪಣಿಯ ಕೆಲಸ.

ಮೊದಲು ತರಗತಿಯ ಸ್ಥಿತಿ. ಕರ್ನಾಟಕದಲ್ಲಿ ವಿಶ್ವವಿದ್ಯಾಲಯಗಳು 2020ರ ಮಾರ್ಚ್ 14ರಿಂದಲೇ, ಅಂದರೆ ದೇಶದ ಲಾಕ್‌ಡೌನ್‌ಗೂ ಹನ್ನೊಂದು ದಿನ ಮುಂಚೆ ಮುಚ್ಚಿದವು. ಈ ಸೀಮೆಗೆ ಹತ್ತಿರದ ಕಲಿಕೆಯ ಜಾಗಗಳಲ್ಲಿ ಎರಡನ್ನು ನೋಡೋಣ. ಒಂದು, ಆಗ ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆ ಎಂದು ಹೆಸರಿದ್ದ, ಜನರ ಬಾಯಲ್ಲಿ ವಿಮ್ಸ್ ಆದ ಬಳ್ಳಾರಿಯ ವೈದ್ಯಕೀಯ ಕಾಲೇಜು. ಅಲ್ಲಿನ ಸಮುದಾಯ ವೈದ್ಯಶಾಸ್ತ್ರ ವಿಭಾಗ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪಠ್ಯಕ್ರಮ ನಡೆಸುತ್ತದೆ. ಇನ್ನೊಂದು, ತುಂಗಭದ್ರೆಯ ಆಚೆ ದಡದ ಗದಗ ಜಿಲ್ಲೆಯಲ್ಲಿ 2016ರ ಕಾಯ್ದೆಯಿಂದ ಹುಟ್ಟಿದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ; ಅಲ್ಲಿ ಸಾರ್ವಜನಿಕ ಆರೋಗ್ಯದಲ್ಲೇ ಸ್ನಾತಕೋತ್ತರ ಪದವಿ ಇದೆ. ಕ್ಷೇತ್ರಕಾರ್ಯವಿಲ್ಲದೆ ಎರಡೂ ಕಡೆಯ ಪಾಠ ಪೂರ್ತಿಯಾಗುವುದಿಲ್ಲ. ಸಾಂಕ್ರಾಮಿಕ ಬಂದಾಗ ಕ್ಷೇತ್ರಕ್ಕೆ ಹೋಗುವ ದಾರಿಯೇ ಮುಚ್ಚಿತು. ವಿಚಿತ್ರವೆಂದರೆ ಆ ಹೊತ್ತಿಗೆ ಬಹಳಷ್ಟು ವಿದ್ಯಾರ್ಥಿಗಳು ಕ್ಷೇತ್ರದಲ್ಲೇ, ಅಂದರೆ ತಮ್ಮ ಊರುಗಳಲ್ಲೇ, ಮೊಬೈಲ್ ಪರದೆಯ ಮುಂದೆ ಕೂತಿದ್ದರು.

2020ರ ಆಗಸ್ಟ್‌ನಲ್ಲಿ ಭಾರತೀಯ ವೈದ್ಯಕೀಯ ಮಂಡಳಿ ಎಂಬಿಬಿಎಸ್ ಪಠ್ಯಕ್ಕೆ ಸಾಂಕ್ರಾಮಿಕ ನಿರ್ವಹಣೆಯ ಒಂದು ಘಟಕವನ್ನು ಸೇರಿಸಿತು. 2021ರ ಮೇ 3ರಂದು ಕೇಂದ್ರ ಸರ್ಕಾರ ಸ್ನಾತಕೋತ್ತರ ನೀಟ್ ಪರೀಕ್ಷೆಯನ್ನು ಕನಿಷ್ಠ ನಾಲ್ಕು ತಿಂಗಳು ಮುಂದೂಡಿ, ಕೊನೆಯ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳನ್ನು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ದೂರವಾಣಿ ಸಲಹೆಗೂ ಲಘು ಲಕ್ಷಣದ ರೋಗಿಗಳ ನಿಗಾಕ್ಕೂ ಬಳಸಿಕೊಳ್ಳಬಹುದೆಂದಿತು. ಕಲಿಯುವವರು ಕೈಗಳಾದರು. ಅದು ಆ ಹೊತ್ತಿನ ಅಗತ್ಯ, ತಕರಾರಿಲ್ಲ. ಆದರೆ ಎಣಿಕೆಯ ಪಾಠ ಅಲ್ಲೂ ಹಿಂದೆ ಉಳಿಯಿತು.

ಎಲ್ಲ ಪಠ್ಯಪುಸ್ತಕಗಳೂ ಜಾನ್ ಸ್ನೋ ಕಥೆ ಹೇಳುತ್ತವೆ. 1854ರ ಲಂಡನ್, ಬ್ರಾಡ್ ಸ್ಟ್ರೀಟ್, ಕಾಲರಾ, ಹಿಡಿಕೆ ತೆಗೆಸಿದ ನೀರಿನ ಪಂಪು. ನಮ್ಮ ವಿದ್ಯಾರ್ಥಿಗಳಿಗೆ ಆ ಪಂಪು ತಮ್ಮೂರಿನ ಬೋರ್‌ವೆಲ್‌ಗಿಂತ ಚೆನ್ನಾಗಿ ಗೊತ್ತು. ಅದೇ ವರ್ಷ ಸ್ನೋ ಮಾಡಿದ ಇನ್ನೊಂದು ಕೆಲಸ ಅದಕ್ಕಿಂತ ಗಟ್ಟಿಯಾದದ್ದು. ದಕ್ಷಿಣ ಲಂಡನ್‌ನಲ್ಲಿ ಎರಡು ಕಂಪನಿಗಳು ಒಂದೇ ಬೀದಿಯ ಮನೆಗಳಿಗೆ ನೀರು ಕೊಡುತ್ತಿದ್ದವು. ಯಾವ ಕಂಪನಿಯ ನೀರು ಕುಡಿದವರಲ್ಲಿ ಎಷ್ಟು ಸಾವು ಎಂದಷ್ಟೇ ಹೇಳಿದ್ದರೆ ಅದು ದೂರಾಗುತ್ತಿತ್ತು, ಪುರಾವೆಯಾಗುತ್ತಿರಲಿಲ್ಲ. ಪ್ರತಿ ಕಂಪನಿಯೂ ನೀರು ಕೊಡುವ ಒಟ್ಟು ಮನೆಗಳೆಷ್ಟು ಎಂದು ಹಿಡಿದು, ಹತ್ತು ಸಾವಿರ ಮನೆಗಳಿಗೆ 315 ಸಾವು ಒಂದು ಕಡೆ, 37 ಇನ್ನೊಂದು ಕಡೆ ಎಂದು ಆತ ಕೊಟ್ಟ. ಪಂಪಿನ ಕಥೆ ಉಳಿದು ಮನೆಗಳ ಲೆಕ್ಕ ಹಿಂದೆ ಸರಿದದ್ದು ಬಹುಶಃ ಕಥೆಗಳ ಸ್ವಭಾವ.

ಬಳ್ಳಾರಿ ಸೀಮೆಗೆ ತನ್ನದೇ ಆದ ಇಂಥ ಅಧ್ಯಾಯವಿದೆ. ಅದು ಪಠ್ಯದಲ್ಲಿ ಇಲ್ಲ. 1876–78ರ ಬರವನ್ನು ಇಲ್ಲಿ ಧಾತು ಸಂವತ್ಸರದ ಹೆಸರಿನಿಂದಲೇ ಗುರುತಿಸುತ್ತಾರೆ. ಆಗ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಪ್ರಾಂತ್ಯದಲ್ಲೇ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಒಂದಾಗಿತ್ತು. 1877ರಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಅಲ್ಪ ಕಾಸಿಗೆ ಇಳಿಸಿದ. ಅದನ್ನು ಎದುರಿಸಿದವನು ಮದ್ರಾಸ್ ಪ್ರಾಂತ್ಯದ ನೈರ್ಮಲ್ಯ ಆಯುಕ್ತ ಡಾ. ವಿಲಿಯಂ ರಾಬರ್ಟ್ ಕಾರ್ನಿಶ್. ದುಡಿಯುವ ದೇಹಕ್ಕೆ ಇಷ್ಟು ಸಾಲದು ಎಂಬ ಅವನ ವಾದಕ್ಕೆ ಪರಿಹಾರ ಶಿಬಿರಗಳ ಸಾವಿನ ಲೆಕ್ಕ ಆಧಾರವಾಯಿತು. ಈ ಮನುಷ್ಯನ ಬಗ್ಗೆ ಗಮನಿಸಬೇಕಾದ ಇನ್ನೊಂದು ಸಂಗತಿ: 1871ರ ಮದ್ರಾಸ್ ಪ್ರಾಂತ್ಯದ ಜನಗಣತಿಯ ವರದಿ ಬರೆದವನೂ ಕಾರ್ನಿಶ್‌ನೇ. ಬರದ ಮುಂಚೆ ಎಷ್ಟು ಜನರಿದ್ದರು ಎಂದು ಎಣಿಸಿದ ಕೈಯೇ ಬರದಲ್ಲಿ ಎಷ್ಟು ಜನ ಸತ್ತರು ಎಂದು ಕೇಳಿತು.

1881ರ ಗಣತಿ ಬಂದಾಗ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಹತ್ತು ವರ್ಷದ ಹಿಂದಿನದಕ್ಕಿಂತ ಸುಮಾರು ಐದನೇ ಒಂದು ಭಾಗ ಕಡಿಮೆಯಾಗಿತ್ತು. ಇದಿಷ್ಟೂ ಸಾವೇ? ಹಾಗೆ ಓದುವವರಿದ್ದಾರೆ. ಬರಗಾಲದಲ್ಲಿ ಊರು ಬಿಟ್ಟವರು, ಮತ್ತೆ ಬರದೇ ಉಳಿದವರು, ಹುಟ್ಟದೇ ಹೋದ ಮಕ್ಕಳು ಎಲ್ಲರೂ ಆ ಕೊರತೆಯೊಳಗಿದ್ದಾರೆ. ಗುಳೆ ಮತ್ತು ಸಾವು ಒಂದೇ ಕಾಲಮಿನಲ್ಲಿ ಕಾಣೆಯಾಗುತ್ತವೆ. 140 ವರ್ಷದ ಮೇಲೆ ಕೋವಿಡ್ ಕಾಲದಲ್ಲಿ ಇದೇ ತೊಡಕು ಇದೇ ಊರುಗಳಲ್ಲಿ ಮರಳಿ ಬಂದದ್ದು ಆಕಸ್ಮಿಕವಲ್ಲ. ಮಳೆ ಮತ್ತು ಕೂಲಿಯ ಲೆಕ್ಕಾಚಾರ ಇಲ್ಲಿ ಅಷ್ಟೇನೂ ಬದಲಾಗಿಲ್ಲ.

ಈಗ ಜಿಲ್ಲೆಯ ಮಟ್ಟದ ಛೇದಕ್ಕೆ ಬರೋಣ. ಇಲ್ಲಿ ಭೂಪಟವೇ ಕೈಕೊಡುತ್ತದೆ. ಹರಪನಹಳ್ಳಿ 1997ರಲ್ಲಿ ಬಳ್ಳಾರಿ ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನದ ಬೇಡಿಕೆಯಿಂದಾಗಿ 2018ರ ಸಂಪುಟ ತೀರ್ಮಾನದ ಮೇಲೆ ಬಳ್ಳಾರಿಗೆ ಮರಳಿತು. ನಡುವೆ 2011ರ ಜನಗಣತಿ ನಡೆದಿತ್ತು. ಅದರಲ್ಲಿ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 24.52 ಲಕ್ಷ. ಇದರಲ್ಲಿ ಹರಪನಹಳ್ಳಿಯ ಸುಮಾರು 3 ಲಕ್ಷ ಜನ ಸೇರಿಲ್ಲ. 2020ರ ಆರೋಗ್ಯ ಇಲಾಖೆಯ ಸಂಜೆಯ ಬುಲೆಟಿನ್‌ನಲ್ಲಿ ಬಳ್ಳಾರಿ ಎಂಬ ಸಾಲಿನ ಪ್ರಕರಣಗಳಲ್ಲಿ ಹರಪನಹಳ್ಳಿಯವರು ಇದ್ದಾರೆ. ಆ ಪ್ರಕರಣಗಳನ್ನು 2011ರ ಜಿಲ್ಲಾ ಸಂಖ್ಯೆಯಿಂದ ಭಾಗಿಸಿದ ವಿದ್ಯಾರ್ಥಿಗೆ ಬರುವ ಪ್ರಮಾಣ, ಬೇರೆ ಯಾವ ದೋಷವೂ ಇಲ್ಲದಿದ್ದರೂ, ಇರಬೇಕಾದ್ದಕ್ಕಿಂತ ಶೇ 12ರಷ್ಟು ಹೆಚ್ಚು. 2021ರ ಗಣತಿ ಇದನ್ನು ಸರಿಪಡಿಸಬಹುದಿತ್ತು. ಸಾಂಕ್ರಾಮಿಕದಿಂದಾಗಿಯೇ ಅದು ಮುಂದಕ್ಕೆ ಹೋಯಿತು. ಅಷ್ಟರೊಳಗೆ, ಮೊದಲ ಅಲೆ ಇಳಿದು ಎರಡನೆಯದು ಏಳುವ ಮುನ್ನ, 2021ರ ಫೆಬ್ರುವರಿ 8ರಂದು ಬಳ್ಳಾರಿ ಜಿಲ್ಲೆಯೇ ಎರಡಾಯಿತು. ಹೊಸಪೇಟೆಯ ಜೊತೆಗೆ ನಮ್ಮ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಗೆ ಹೋದವು. ಅಕ್ಟೋಬರ್ 2ರಂದು ಅದರ ಉದ್ಘಾಟನೆ. ರೋಗದ ಕಾಲಸರಣಿ ಬರೆಯುವವನ ಕಾಲ ಕೆಳಗಿನ ನೆಲ ಅಲೆಗಳ ನಡುವೆ ಸರಿಯಿತು.

ಅಂಶದ ಕಥೆಯೂ ಇದಕ್ಕಿಂತ ನೇರವಾಗಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ನೋಂದಣಿಯಾಗುವುದು ಅದು ಸಂಭವಿಸಿದ ಜಾಗದಲ್ಲಿ, ಸತ್ತವರ ಊರಿನಲ್ಲಲ್ಲ. ಹರಪನಹಳ್ಳಿಯ ಕಡೆಯವರಿಗೆ ದೊಡ್ಡ ಆಸ್ಪತ್ರೆ ಎಂದರೆ ದಾವಣಗೆರೆ. ಕಾನಹೊಸಹಳ್ಳಿ ಹೋಬಳಿಯವರಿಗೆ ಹೆದ್ದಾರಿ ಒಂದು ಕಡೆ ಚಿತ್ರದುರ್ಗ, ಇನ್ನೊಂದು ಕಡೆ ಹೊಸಪೇಟೆ, ಬಳ್ಳಾರಿಗಳ ದಾರಿ ತೋರಿಸುತ್ತದೆ. ಬದುಕಿದ್ದಾಗ ಕೂಡ್ಲಿಗಿ ತಾಲ್ಲೂಕಿನ ಛೇದದಲ್ಲಿದ್ದ ಮನುಷ್ಯ ಸತ್ತ ಮೇಲೆ ಬೇರೆ ಜಿಲ್ಲೆಯ ನೋಂದಣಿ ಪುಸ್ತಕದಲ್ಲಿ ಅಂಶವಾಗಿ ಕಾಣಿಸಿಕೊಳ್ಳುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ 5ರಂದು 2020–21ರ ಭಾರತದ ಹೆಚ್ಚುವರಿ ಸಾವುಗಳನ್ನು 47 ಲಕ್ಷವೆಂದು ಅಂದಾಜಿಸಿತು. ಅಧಿಕೃತ ಕೋವಿಡ್ ಸಾವು 4.81 ಲಕ್ಷ, ಕೇಂದ್ರ ಸರ್ಕಾರ ಅಂದಾಜಿನ ವಿಧಾನವನ್ನೇ ಒಪ್ಪಲಿಲ್ಲ. ದೆಹಲಿ ಮತ್ತು ಜಿನೀವಾಗಳ ಈ ಜಗಳವನ್ನು ವಿದ್ಯಾರ್ಥಿಗೆ ಅರ್ಥ ಮಾಡಿಸಬೇಕೆಂದರೆ ಆಗ ಗ್ರಾಮ ಲೆಕ್ಕಾಧಿಕಾರಿ ಬರೆಯುತ್ತಿದ್ದ ಮರಣ ನೋಂದಣಿ ಪುಸ್ತಕದ ಮುಂದೆ ಅರ್ಧ ದಿನ ಕೂರಿಸುವುದು ಒಳ್ಳೆಯ ಉಪಾಯ. 2018, 2019ರ ತಿಂಗಳುಗಳನ್ನು ಒಂದು ಕಡೆ ಬರೆದುಕೊಂಡು 2021ರ ಮೇ, ಜೂನ್‌ಗಳನ್ನು ಪಕ್ಕದಲ್ಲಿಡಲಿ. ಆಮೇಲೆ ಊರಿನೊಳಗೆ ಹೋಗಿ, ಊರಿನವರು ನೆನಪಿಟ್ಟುಕೊಂಡಿರುವ ಸಾವುಗಳಲ್ಲಿ ಎಷ್ಟು ಆ ಪುಸ್ತಕದಲ್ಲಿಲ್ಲ ಎಂದು ಕೇಳಲಿ.

ಇಡೀ ರಾಜ್ಯದ ಮಟ್ಟದಲ್ಲಿ ಛೇದದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಾರದು: 2020ರ ಎರಡು ಸೀರೊ ಸಮೀಕ್ಷೆಗಳು, ಅಂದರೆ ರಕ್ತದಲ್ಲಿ ಪ್ರತಿಕಾಯ ಹುಡುಕುವ ಸಮೀಕ್ಷೆಗಳು. ಒಂದು ರಾಜ್ಯ ಸರ್ಕಾರದ್ದು, ಸೆಪ್ಟೆಂಬರ್ 3ರಿಂದ 16ರವರೆಗೆ. ಅದರ ಫಲಿತಾಂಶ ಶೇ 27.3; ರಾಜ್ಯದ 7.07 ಕೋಟಿ ಜನರಲ್ಲಿ 1.93 ಕೋಟಿ ಜನಕ್ಕೆ ಸೋಂಕು ತಗುಲಿದೆ ಅಥವಾ ತಗುಲಿ ಹೋಗಿದೆ ಎಂದು ಅರ್ಥ. ಆಗಿನ ಚಾಲ್ತಿ ಸೋಂಕನ್ನು ತೆಗೆದು ರಕ್ತದ ಪ್ರತಿಕಾಯ ಮಾತ್ರ ಎಣಿಸಿದರೆ ಅದು ಶೇ 17ರೊಳಗೇ ನಿಲ್ಲುತ್ತದೆ. ಇನ್ನೊಂದು ಸ್ವತಂತ್ರ ಸಂಶೋಧಕರದ್ದು, ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ನಡೆದದ್ದು; 2021ರಲ್ಲಿ ಅಮೆರಿಕದ ಜಾಮಾ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಿಗೆ ಪ್ರತಿಕಾಯ ಸಿಕ್ಕಿದ್ದು ಶೇ 46.7 ಜನರಲ್ಲಿ, ಹಳ್ಳಿಗಳಲ್ಲೇ ಶೇ 44.1. ಮೊದಲು ನಡೆದ ಸಮೀಕ್ಷೆಯಲ್ಲಿ ಹೆಚ್ಚು, ನಂತರದ್ದರಲ್ಲಿ ಕಡಿಮೆ. ಯಾವುದು ಸುಳ್ಳು ಎಂದು ವಿದ್ಯಾರ್ಥಿ ಕೇಳುವುದು ಸಹಜ. ಅಧ್ಯಾಪಕ ಅಲ್ಲಿ ತಡೆಯಬೇಕು.

ಸರ್ಕಾರದ ಸಮೀಕ್ಷೆ ಜನರನ್ನು ಹಿಡಿದದ್ದು ಬಹುಪಾಲು ಆರೋಗ್ಯ ಕೇಂದ್ರಗಳ ಮೂಲಕ ಮತ್ತು ಅಪಾಯದ ಗುಂಪುಗಳಾಗಿ: ತಪಾಸಣೆಗೆ ಬಂದ ಗರ್ಭಿಣಿಯರು, ರೋಗಿಗಳ ಜೊತೆ ಬಂದವರು, ಬಸ್ ನಿರ್ವಾಹಕರು, ಮಾರಾಟಗಾರರು, ವಯಸ್ಸಾದವರು, ಬೇರೆ ಕಾಯಿಲೆ ಇರುವವರು. ಇನ್ನೊಂದು ಸಮೀಕ್ಷೆಗೆ ಮೊದಲೇ ಸಿದ್ಧವಿದ್ದ ಕುಟುಂಬಗಳ ಪಟ್ಟಿಯಿತ್ತು, ಅದರಿಂದ ಮನೆಗಳನ್ನು ಆರಿಸಿ ಹೋದರು. ಬಳಸಿದ ಎಲಿಸಾ ಪರೀಕ್ಷೆಗಳೂ ಬೇರೆ ಬೇರೆ. ವೈರಾಣುವಿನ ಬೇರೆ ಬೇರೆ ಭಾಗಗಳಿಗೆ ಹುಟ್ಟಿದ ಪ್ರತಿಕಾಯವನ್ನು ಅವು ಹುಡುಕುತ್ತವೆ, ತಿಂಗಳು ಕಳೆದಂತೆ ಅವುಗಳ ಹಿಡಿತ ಒಂದೇ ರೀತಿ ಉಳಿಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಹಳ್ಳಿಯ ಸ್ಥಿತಿ ತಿಳಿಯಲು ಮನೆಪಟ್ಟಿಯ ಸಮೀಕ್ಷೆಯೇ ಹೆಚ್ಚು ನಂಬಲರ್ಹ. ಮೊದಲ ಅಲೆ ಪೇಟೆಗಳದ್ದು, ಹಳ್ಳಿಗಳು ಬಚಾವಾದವು ಎಂದು ಆಗ ನಂಬಿದ್ದವರಿಗೆ ಶೇ 44.1 ನುಂಗಲಾರದ ಸಂಖ್ಯೆ. ಆದರೆ ಮನೆಪಟ್ಟಿಗೂ ಅದರದೇ ಕುರುಡು ಜಾಗವಿದೆ. ಬೀಗ ಹಾಕಿದ ಮನೆಯನ್ನು ಸಮೀಕ್ಷಕ ಬಿಟ್ಟು ಮುಂದೆ ಹೋಗುತ್ತಾನೆ. ಗುಳೆಯ ಸೀಮೆಯಲ್ಲಿ ಬೀಗ ಹಾಕಿದ ಮನೆ ಯಾರದೆಂಬುದು ಎಲ್ಲರಿಗೂ ಗೊತ್ತು.

ಒಂದು ಕಲ್ಪಿತ ಲೆಕ್ಕ ಹಾಕೋಣ. ಪಟ್ಟಿಯ ಪ್ರಕಾರ 2,000 ಜನರ ಹಳ್ಳಿ. 400 ಜನ ಗುಳೆ ಹೋಗಿ ಯುಗಾದಿಗೆ ಮರಳಿದ್ದಾರೆ. ಮುಂದಿನ ತಿಂಗಳು 20 ಪಾಸಿಟಿವ್. ಸಾವಿರಕ್ಕೆ 10. ಈಗ ಆ 20ರಲ್ಲಿ 10 ಮಂದಿ ಮರಳಿದವರೆಂದು ಗೊತ್ತಾದರೆ ಮರಳಿದವರಲ್ಲಿ ಪ್ರಮಾಣ ಸಾವಿರಕ್ಕೆ 25, ಊರಲ್ಲೇ ಉಳಿದವರಲ್ಲಿ 6.25. ನಾಲ್ಕು ಪಟ್ಟು ವ್ಯತ್ಯಾಸ. ಇಷ್ಟಕ್ಕೇ ನಿಂತರೆ ಗುಳೆ ಹೋದವರೇ ರೋಗ ತಂದರು ಎಂಬ ಮಾತು ಹುಟ್ಟುತ್ತದೆ. ಆ ಕಾಲದಲ್ಲಿ ಊರ ಬಾಗಿಲಿಗೆ ಮುಳ್ಳು ಹಾಕಿದ ಮನಸ್ಸೂ ಅದೇ. ಒಳ್ಳೆಯ ಅಧ್ಯಾಪಕ ಇನ್ನೊಂದು ಕಾಲಮ್ ಕೇಳುತ್ತಾನೆ: ಎರಡೂ ಗುಂಪಿನಲ್ಲಿ ಎಷ್ಟೆಷ್ಟು ಜನಕ್ಕೆ ಪರೀಕ್ಷೆ ಮಾಡಿದಿರಿ? ಮರಳಿದ 400 ಜನರಿಗೂ ಸ್ವ್ಯಾಬ್ ತೆಗೆದು, ಊರಲ್ಲಿದ್ದ 1,600ರಲ್ಲಿ ಕೆಮ್ಮಿದ 160 ಜನಕ್ಕೆ ಮಾತ್ರ ತೆಗೆದಿದ್ದರೆ, ಪರೀಕ್ಷೆಗೊಳಗಾದವರಲ್ಲಿ ಪಾಸಿಟಿವ್ ಪ್ರಮಾಣ ಮರಳಿದವರಲ್ಲಿ ಶೇ 2.5, ಉಳಿದವರಲ್ಲಿ ಶೇ 6.25. ಬೊಟ್ಟು ತೋರಿಸುವ ಬೆರಳು ಅಲ್ಲಿಗೆ ಅನುಮಾನಕ್ಕೆ ಬೀಳುತ್ತದೆ. ಕೆಮ್ಮಿದವರನ್ನೇ ಆರಿಸಿ ಪರೀಕ್ಷಿಸಿದ್ದರಿಂದ ಈ ಎರಡನೇ ಹೋಲಿಕೆಯೂ ನ್ಯಾಯವಲ್ಲ ಎಂದು ತಾನಾಗಿ ಹೇಳಿದ ವಿದ್ಯಾರ್ಥಿಗೆ ಪೂರ್ತಿ ಅಂಕ ಕೊಡಬಹುದು.

ಛೇದ ಸ್ಪಷ್ಟವಿರುವ ಜಾಗಗಳೂ ಇದ್ದವು. 2020ರ ಜೂನ್‌ನಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಸೋಂಕು ಹಬ್ಬಿದಾಗ ಅಲ್ಲಿ ಹಾಜರಿ ಪುಸ್ತಕವಿತ್ತು, ಪಾಳಿ ಗೊತ್ತಿತ್ತು. ಹಳ್ಳಿಯಲ್ಲಿ ಹಾಜರಿ ಪುಸ್ತಕವಿಲ್ಲ ಎನ್ನುವುದು ಅರ್ಧ ಸತ್ಯ. ಅಲ್ಲಿ ಪುಸ್ತಕಗಳು ಬೇಕಾದ್ದಕ್ಕಿಂತ ಹೆಚ್ಚೇ ಇವೆ. ಸುಮಾರು ಸಾವಿರ ಜನಕ್ಕೊಬ್ಬರಂತೆ ಇರುವ ಆಶಾ ಕಾರ್ಯಕರ್ತೆಯ ಕುಟುಂಬ ಪಟ್ಟಿ, ಅಂಗನವಾಡಿಯ ಸಮೀಕ್ಷಾ ಪುಸ್ತಕ, ಮತಪಟ್ಟಿ, ಪಡಿತರ ಚೀಟಿಯ ಪಟ್ಟಿ. ನಾಲ್ಕೂ ಒಂದೇ ಊರನ್ನು ಎಣಿಸುತ್ತವೆ, ನಾಲ್ಕೂ ಬೇರೆ ಊರನ್ನು ತೋರಿಸುತ್ತವೆ. ಪಡಿತರ ಪಟ್ಟಿಯಲ್ಲಿ ಬೆಂಗಳೂರಿನಲ್ಲಿರುವ ಮಗನೂ ಊರಲ್ಲೇ ಇದ್ದಾನೆ. ಅಂಗನವಾಡಿಯ ಪುಸ್ತಕಕ್ಕೆ ಬಸುರಿ, ಬಾಣಂತಿ, ಕೂಸು ಗೊತ್ತು. ಒಂಟಿ ಮುದುಕ ಅಷ್ಟಾಗಿ ಗೊತ್ತಿಲ್ಲ. ಮತಪಟ್ಟಿಯಲ್ಲಿ ಮಕ್ಕಳಿಲ್ಲ, ಎಂದೋ ತೀರಿಕೊಂಡವರಿದ್ದಾರೆ. ಆಶಾಳ ಪಟ್ಟಿಯೇ ಇವುಗಳಲ್ಲಿ ನಿಜಕ್ಕೆ ಹತ್ತಿರ, ಏಕೆಂದರೆ ಅದು ಬಾಗಿಲು ತಟ್ಟಿ ಬರೆದದ್ದು. 2020ರ ಮೇ ತಿಂಗಳಲ್ಲಿ ಮತಗಟ್ಟೆ ಮಟ್ಟದಲ್ಲಿ ಮನೆಮನೆಗೆ ಹೋಗಿ ವಯಸ್ಸಾದವರು, ಗರ್ಭಿಣಿಯರು, ಜ್ವರ ಕೆಮ್ಮಿನವರನ್ನು ಗುರುತಿಸಿದ ರಾಜ್ಯದ ಸಮೀಕ್ಷೆಯ ಹಿಂದೆಯೂ ಆಶಾ ಕಾರ್ಯಕರ್ತೆಯರ ಓಡಾಟವಿತ್ತು. ಆ ಜುಲೈನಲ್ಲೇ ಅವರು ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನ ಕೇಳಿ ಕೆಲಸ ನಿಲ್ಲಿಸಿದರು. ಎಣಿಸುವವರ ಕೂಲಿಯೂ ಸೋಂಕುಶಾಸ್ತ್ರದ ವಿಷಯವೇ ಎಂದು ಒಪ್ಪುವ ಪಠ್ಯಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ.

ಲಸಿಕೆಯ ಹಂತದಲ್ಲಿ ಛೇದದ ಈ ಸಡಿಲತೆ ಎಲ್ಲರಿಗೂ ಕಾಣುವಂತಾಯಿತು. ಕೆಲವು ಕಡೆ ಮೊದಲ ಡೋಸ್ ಶೇ 100 ದಾಟಿತು. ಹಾಕಿಸಿಕೊಂಡ ಜಾಗದ ಲೆಕ್ಕಕ್ಕೆ ಡೋಸು, ಹಳೆಯ ಅಂದಾಜಿನ ಲೆಕ್ಕಕ್ಕೆ ಜನ. ಬೆಂಗಳೂರಿನಲ್ಲಿ ಚುಚ್ಚಿಸಿಕೊಂಡ ಕೊಟ್ಟೂರಿನವನು ಅಲ್ಲಿ ಹೆಚ್ಚುವರಿ, ಇಲ್ಲಿ ಬಾಕಿ.

ಸಾಂಕ್ರಾಮಿಕದ ನಂತರ ಒಂದು ಅವಕಾಶ ತಾನಾಗಿ ಒದಗಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2021–22ರ ತಂಡದಿಂದ ಎಂಬಿಬಿಎಸ್‌ನಲ್ಲಿ ಕುಟುಂಬ ದತ್ತು ಕಾರ್ಯಕ್ರಮ ತಂದಿದೆ. ಪ್ರತಿ ವಿದ್ಯಾರ್ಥಿ ಹಳ್ಳಿಯ ಕೆಲವು ಕುಟುಂಬಗಳನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು. ಇದರ ಹೆಸರಿನಲ್ಲಿ ಒಂಚೂರು ದೊಡ್ಡಸ್ತಿಕೆ ಇದೆ. ಯಾರು ಯಾರನ್ನು ದತ್ತು ತೆಗೆದುಕೊಳ್ಳುತ್ತಾರೆ ಎಂಬುದನ್ನು ಕುಟುಂಬಗಳನ್ನೇ ಕೇಳಬೇಕು. ಆದರೂ ಒಂದೇ ಮನೆಗೆ ಮತ್ತೆ ಮತ್ತೆ ಹೋಗುವ ನಿಯಮ ಅಪರೂಪದ್ದು. ಈ ಸೀಮೆಯ ಮಟ್ಟಿಗೆ ಅದಕ್ಕೆ ಎರಡು ತಿದ್ದುಪಡಿ ಬೇಕು. ಭೇಟಿಗಳು ಕಾಲೇಜಿನ ಟರ್ಮಿಗೆ ಹೊಂದಿಕೊಳ್ಳದೆ ಗುಳೆಗೆ ಹೊಂದಿಕೊಳ್ಳಲಿ: ಒಂದು ದೀಪಾವಳಿ ಕಳೆದ ಮೇಲೆ, ಜನ ಹೊರಟ ಹೊತ್ತಿಗೆ, ಇನ್ನೊಂದು ಯುಗಾದಿ ಕಳೆದ ಮೇಲೆ, ಮರಳಿದಾಗ. ಬೀಗ ಹಾಕಿದ ಮನೆಯನ್ನು ಪಟ್ಟಿಯಿಂದ ಹೊಡೆದುಹಾಕದೆ ಪಕ್ಕದ ಮನೆಯಲ್ಲಿ ಕೇಳಿ ತುಂಬುವ ನಾಲ್ಕು ಅಂಕಣ ನಮೂನೆಯಲ್ಲಿರಲಿ: ಎಷ್ಟು ಜನ ಹೋದರು, ಎಲ್ಲಿಗೆ, ಯಾವಾಗ ಬರುತ್ತಾರೆ, ಹೋದಲ್ಲಿ ಯಾರಾದರೂ ತೀರಿಕೊಂಡಿದ್ದರೆ ಸಾವಿನ ನೋಂದಣಿ ಯಾವ ಊರಲ್ಲಾಯಿತು.